ಐತಾಳರ ಮನೆಯ ನೆಲಕ್ಕೆ ಮರ ಆರಿಸಿದ್ದು

ಮರದ ನೆಲ ಹಾಸುವ ಕಂಪನಿಗಳಿಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಕೇಳುವುದು ಒಂದೇ ಪ್ರಶ್ನೆ. ಎಲ್ಲಕ್ಕಿಂತ ಗಟ್ಟಿ ಮರ ಯಾವುದು ಮೇಡಂ, ಅಂತ. ಯಾವ ಮರ ಎಷ್ಟು ಗಟ್ಟಿ ಎನ್ನುವುದು ಅವರ ಮೊಬೈಲಿನಲ್ಲೇ ಸಿಗುತ್ತದೆ. ನನ್ನ ಬಾಯಿಂದ ಒಂದು ಹೆಸರು ಬಿದ್ದರೆ ಗಿರಾಕಿಯ ಮುಂದೆ ಧೈರ್ಯವಾಗಿ ಹೇಳಬಹುದು ಎಂಬ ಆಸೆ, ಅಷ್ಟೆ. ನಾನು ತಿರುಗಿ ಕೇಳುತ್ತೇನೆ. ಆ ಮನೆಯಲ್ಲಿ ಯಾರಿರುತ್ತಾರೆ, ನೆಲವನ್ನು ಹೇಗೆ ಒರೆಸುತ್ತಾರೆ, ಸಮುದ್ರ ಎಷ್ಟು ಹತ್ತಿರ, ಮರವನ್ನು ಉಜ್ಜುವವರು ಯಾರು. ಕೊನೆಯ ಪ್ರಶ್ನೆಗೆ ಅವರು ನಗುತ್ತಾರೆ. ಆ ನಗುವಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ಕಡೆಯವಳು. ಬೆಂಗಳೂರಿನಲ್ಲಿ ಮರದ ವಿಜ್ಞಾನ ಓದಿ, ಮದುವೆಯಾಗಿ ಚೆನ್ನೈಗೆ ಬಂದೆ. ಹೊರದೇಶಗಳಿಂದ ಗಟ್ಟಿಮರ ತರಿಸಿ ಮನೆಗಳಿಗೆ ನೆಲ ಹಾಸಿಕೊಡುವ ಒಂದು ಕಂಪನಿಯಲ್ಲಿ ನಿವೃತ್ತಿಯವರೆಗೂ ದುಡಿದೆ. ಅಂಗಡಿ ಪೆರುಂಗುಡಿಯಲ್ಲಿ, ಐಟಿ ಕಚೇರಿಗಳ ಸಾಲಿನ ನಡುವೆ. ಗೋಡೌನು ಊರಿನ ಇನ್ನೊಂದು ತುದಿಯಲ್ಲಿ, ಬಂದರಿನ ಕಡೆ. ಬಂದ ಮರ, ಹೇಳಿ ತರಿಸಿದ ಮರವೇ ಹೌದೋ ಅಲ್ಲವೋ ನೋಡುವುದು ಮತ್ತು ಯಾವ ಮನೆಗೆ ಯಾವುದು ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ.

ಮಾಲೀಕರು ನಟೇಶನ್. ಮರದ ವ್ಯಾಪಾರದಲ್ಲೇ ಹುಟ್ಟಿ ಬೆಳೆದವರು. ಹಲಗೆಯನ್ನು ಕೆನ್ನೆಗೆ ಒತ್ತಿ ಹಿಡಿದು, ಒಳಗೆ ತೇವ ಉಳಿದಿದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ತೇವ ಅಳೆಯುವ ಮೀಟರು ಹೊರಗೆ ತೆಗೆದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. ಬಹಳ ಸಲ ಅವರ ಕೆನ್ನೆ ಹೇಳಿದ್ದೇ ಸರಿಯಿರುತ್ತಿತ್ತು. ತಪ್ಪಿದಾಗ ಮಾತ್ರ ಮಳೆಗಾಲದಲ್ಲಿ ಯಾರದೋ ಮನೆಯ ಹಾಲ್‌ನ ನೆಲ ಉಬ್ಬಿ ಬಾಗಿಲು ತೆರೆಯಲು ಬರದ ಹಾಗಾಗುತ್ತಿತ್ತು. ಆಗ ಹೋಗಿ ಬೈಸಿಕೊಂಡು ಬರುವ ಸರದಿ ನನ್ನದು.

ಬೈಸಿಕೊಂಡದ್ದರಲ್ಲಿ ದೊಡ್ಡದು ಸೌಕಾರ್‌ಪೇಟೆಯದು. ಅಲ್ಲೊಬ್ಬ ಚಿನ್ನದ ವ್ಯಾಪಾರಿ ತನ್ನ ಮನೆಯ ಮೇಲಿನ ಅಂತಸ್ತಿಗೆ ಮೆರ್ಬಾವು ಎಂಬ ಕೆಂಗಂದು ಮರ ಹಾಕಿಸಿಕೊಂಡಿದ್ದ. ನಟೇಶನ್ ಅವರೇ ನಿಂತು ಮಾರಿದ್ದು. ಗೆದ್ದಲು ಹತ್ತದ, ನೂರು ವರ್ಷ ಬಾಳುವ ಮರ ಎಂದಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಮರಕ್ಕೆ ನೀರು ಸೋಕಿದರೆ ಬಣ್ಣ ಬಿಡುತ್ತದೆ. ದೀಪಾವಳಿಗೆ ಮುಂಚೆ ಆ ಮನೆಯವರು ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆದರು. ನೀರು ಪಕ್ಕದ ಬಿಳಿ ಅಮೃತಶಿಲೆಯ ಊಟದ ಕೋಣೆಗೆ ಹರಿಯಿತು. ನಾವು ಹೋಗಿ ನೋಡಿದಾಗ ಕಲ್ಲಿನ ಮೇಲೆ ಯಾರನ್ನೋ ಹೊಡೆದು ಹಾಕಿದ ಹಾಗೆ ಕಲೆ. ವ್ಯಾಪಾರಿ ಕೂಗಾಡಲಿಲ್ಲ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿ, ಕಲೆ ಹೋಗುವವರೆಗೆ ಇಲ್ಲೇ ಇರಿ ಎಂದು ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿದ. ಅವನ ಅಣ್ಣತಮ್ಮಂದಿರು ಎದುರಿಗೆ ಬಂದು ಕೂತರು. ನಟೇಶನ್ ಅಮೃತಶಿಲೆ ಪೂರ್ತಿ ಬದಲಿಸಿಕೊಡುವುದಾಗಿ ಒಪ್ಪಿದ ಮೇಲೆಯೇ ಚಿಲಕ ತೆಗೆದದ್ದು.

ಆಮೇಲಿಂದ ಪ್ರತಿ ಹೊಸ ಮರದ ತುಂಡನ್ನೂ ಬಿಳಿ ಪಿಂಗಾಣಿ ತಟ್ಟೆಯ ನೀರಿನಲ್ಲಿ ನೆನೆಹಾಕಿ ಗಿರಾಕಿಗೆ ತೋರಿಸುವುದನ್ನು ರೂಢಿಗೆ ತಂದೆ. ನಟೇಶನ್ ಬೇಡ ಎನ್ನಲಿಲ್ಲ. ಮರ ಬಾಳಿಕೆ ಬರುವುದು ಅದರೊಳಗೆ ಏನೋ ಇರುವುದರಿಂದ. ಆ ಏನೋ ಹೊರಗೆ ಬಂದಾಗ ಏನು ಮಾಡುತ್ತದೆ ಎಂದೂ ತಿಳಿದಿರಬೇಕು. ಸೌಕಾರ್‌ಪೇಟೆಯಲ್ಲಿ ಅದು ಕಲ್ಲಿಗೆ ಕಲೆ ಮಾಡಿತ್ತು. ಐತಾಳರ ಮನೆಯಲ್ಲಿ ಮನುಷ್ಯನ ಮೇಲೆ ಬಿತ್ತು.

ವಾಸುದೇವ ಐತಾಳರು ಕುಂದಾಪುರದ ಕಡೆಯವರು. ಎಗ್ಮೋರ್ ಸ್ಟೇಷನ್ನಿನ ಹತ್ತಿರ ಅವರ ಸಸ್ಯಾಹಾರಿ ಹೋಟೆಲು. ತಿರುವಾನ್ಮಿಯೂರಿನ ಆಚೆ, ಸಮುದ್ರದ ಗಾಳಿ ನೇರ ಬಡಿಯುವ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಒಂದು ದಿನ ಹೆಂಡತಿ ಶಾರದಮ್ಮನವರನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದರು. ಶಾರದಮ್ಮ ವಾಕರ್ ಹಿಡಿದು ನಿಧಾನವಾಗಿ ಒಳಗೆ ಬಂದರು. ಬಾಡಿಗೆ ಮನೆಯ ಗ್ರಾನೈಟಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತಂತೆ. ಆಪರೇಷನ್ ಆಗಿ ನಡೆಯುವಂತಾದರೂ ನುಣುಪು ಕಲ್ಲು ಕಂಡರೆ ಕಾಲು ಮುಂದೆ ಹೋಗುವುದಿಲ್ಲ ಎಂದರು. ಮನೆಯೊಳಗೇ ಭಯಪಟ್ಟುಕೊಂಡು ಓಡಾಡುವುದು ಸಾಕಾಗಿದೆ ಎಂದೂ ಹೇಳಿದರು.

ಐತಾಳರಿಗೆ ತೇಗವೇ ಬೇಕಿತ್ತು. ತೇಗದ ಮೇಲೆ ನನಗೆ ದೂರಿಲ್ಲ. ಆದರೆ ಈಗ ಸಿಗುವ ತೋಟದ ತೇಗ ಎಳೆಯದು, ಮೆದು. ವಾಕರಿನ ಕಾಲು ದಿನವೂ ಒಂದೇ ದಾರಿಯಲ್ಲಿ ಊರಿದರೆ ಗುಳಿ ಬೀಳುತ್ತದೆ, ಗುಳಿಯಲ್ಲಿ ವಾಕರ್ ವಾಲುತ್ತದೆ. ಹಾಗೆಂದು ಬರೀ ಗಟ್ಟಿ ಇದ್ದರೂ ಆಗದು. ಕಿಟಕಿ ತೆರೆದರೆ ಉಪ್ಪುಗಾಳಿ, ಮುಚ್ಚಿದರೆ ಏಸಿಯ ಒಣಗಾಳಿ. ಇವೆರಡರ ನಡುವೆ ಹೆಚ್ಚು ಹಿಗ್ಗಿ ಕುಗ್ಗುವ ಮರವಾದರೆ ಹಲಗೆಗಳ ಅಂಚು ಎದ್ದು ನಿಲ್ಲುತ್ತದೆ. ಸೊಂಟ ಮುರಿದವರಿಗೆ ಎದ್ದ ಅಂಚು ಗ್ರಾನೈಟಿಗಿಂತ ಕೆಟ್ಟದ್ದು. ಇದನ್ನೆಲ್ಲ ಹೇಳಿದಾಗ ಶಾರದಮ್ಮ ಗೋಡೆಯ ಮೇಲಿನ ಸ್ಯಾಂಪಲ್ಲುಗಳನ್ನು ನೋಡಲೇ ಇಲ್ಲ. ಹಲಗೆಗಳನ್ನು ನೆಲದ ಮೇಲೆ ಹಾಕಿಸಿ, ಚಪ್ಪಲಿ ಬಿಟ್ಟು, ಒಂದೊಂದರ ಮೇಲೂ ನಿಂತು ನೋಡಿದರು. ನಾನು ನೀರು ಚಿಮುಕಿಸಿ ಮತ್ತೆ ನಿಲ್ಲಲು ಹೇಳಿದೆ. ಬ್ರೆಜಿಲಿನ ಕುಮಾರು ಎಂಬ ಮರದ ಮೇಲೆ ಅವರು ಬಹಳ ಹೊತ್ತು ನಿಂತರು. ವಾಕರಿನ ಮೇಲಿನ ಹಿಡಿತ ಸಡಿಲವಾದದ್ದು ನನಗೆ ಕಾಣಿಸಿತು.

ಐತಾಳರು ಹೆಸರು ಕೇಳಿ ನಕ್ಕರು. "ನಮ್ಮ ಹೋಟ್ಲಲ್ಲೂ ಒಬ್ಬ ಕುಮಾರ ಇದ್ದಾನೆ ಮೇಡಂ, ಸಪ್ಲೈಯರ್. ಅವನ ಹಾಗೆ ಕೈ ಕೊಡ್ದೆ ಇದ್ರೆ ಸಾಕು ಇದು."

ಮನೆಯ ಅಷ್ಟೂ ನೆಲಕ್ಕೆ ಕುಮಾರು ಎಂದು ತೀರ್ಮಾನವಾಯಿತು. ಕೆಲಸಕ್ಕೆ ಏಳುಮಲೈ ಬಂದ. ನಮ್ಮ ಕಂಪನಿಗೆ ಬಹಳ ವರ್ಷಗಳಿಂದ ನೆಲ ಹಾಸುತ್ತಿದ್ದ ಬಡಗಿ. ಮಾತು ಕಡಿಮೆ. ತನ್ನ ಕೆಲಸದ ಬಗ್ಗೆ ಹೆಮ್ಮೆ ಸ್ವಲ್ಪ ಹೆಚ್ಚೇ ಎನ್ನಬೇಕು. ಬೇರೆಯವರು ಹಾಸಿದ ನೆಲದ ಮೇಲೆ ಕಾಲಿಟ್ಟರೆ ಅವನ ಹುಬ್ಬು ಮೇಲೇರುತ್ತಿತ್ತು. ಅವನ ಭಾವಮೈದ ಮುರುಗನ್ ಹಲಗೆ ಕೊಯ್ದು ಕೊಡುತ್ತಿದ್ದ, ಇವನು ಜೋಡಿಸುತ್ತಿದ್ದ. ಆಗ ಉಜ್ಜದ ಬರಿ ಹಲಗೆ ತಂದು, ಹಾಸಿ, ಮನೆಯೊಳಗೇ ಮೆಷಿನ್ನಿನಿಂದ ಉಜ್ಜಿ ಎಣ್ಣೆ ಹಚ್ಚುವುದು ಪದ್ಧತಿ. ನಾನು ಎರಡು ವಿಷಯ ಖಡಾಖಂಡಿತ ಹೇಳಿದ್ದೆ. ಕೊಯ್ಯುವುದು ವರಾಂಡದಲ್ಲಿ, ಉಜ್ಜುವಾಗ ಕಿಟಕಿ ತೆರೆದು ಮೂಗಿಗೆ ಒಳ್ಳೆಯ ಮಾಸ್ಕು. ಹಾಲ್, ಊಟದ ಮನೆ, ಮಹಡಿ, ಎಲ್ಲ ಹಾಗೆಯೇ ನಡೆಯಿತು. ಉಳಿದದ್ದು ಕೆಳಗಿನ ಒಂದೇ ಕೋಣೆ, ಶಾರದಮ್ಮನವರದು.

ಅಷ್ಟರಲ್ಲಿ ಕುಮಾರು ಮುಗಿಯಿತು. ಮುಂದಿನ ಕಂಟೈನರು ಹಡಗಿನಲ್ಲಿತ್ತು. ಐತಾಳರ ಗೃಹಪ್ರವೇಶಕ್ಕೆ ದಿನ ಗೊತ್ತಾಗಿ, ಊರಿನಿಂದ ನೆಂಟರು ಬರುವ ಬಸ್ಸೂ ಬುಕ್ ಆಗಿತ್ತು. ನಾನು ಆ ವಾರ ಬಂದರಿನ ಕೆಲಸದಲ್ಲಿದ್ದೆ. ನಟೇಶನ್ ಬೇರೆ ಒಬ್ಬ ವ್ಯಾಪಾರಿಯ ಗೋಡೌನಿನಿಂದ ಒಂದು ಕಟ್ಟು ಹಲಗೆ ತರಿಸಿ ನೇರ ಮನೆಗೆ ಕಳಿಸಿದರು. ಅದರ ಮೇಲೆ ಚೀಟಿ ಇರಲಿಲ್ಲ. ಬಣ್ಣ ಹತ್ತಿರ ಹತ್ತಿರ ಒಂದೇ. ಎಣ್ಣೆ ಕುಡಿದರೆ ವ್ಯತ್ಯಾಸ ಯಾರಿಗೂ ತಿಳಿಯದು ಎಂದು ಏಳುಮಲೈಗೆ ಹೇಳಿದರಂತೆ. ನನಗೆ ಯಾರೂ ಹೇಳಲಿಲ್ಲ.

ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ ಮಳೆ ಹಿಡಿದಿತ್ತು. ಬಂದರಿನಿಂದ ಬರುವಾಗ ಮನೆಯತ್ತ ಒಮ್ಮೆ ನೋಡಿಕೊಂಡು ಹೋಗೋಣ ಎಂದು ಕಾರು ತಿರುಗಿಸಿದೆ. ವರಾಂಡಕ್ಕೆ ಕಾಲಿಡುವಾಗಲೇ ಏನೋ ಸರಿಯಿಲ್ಲ ಅನಿಸಿತು. ಕೊಯ್ಯುವ ಮೆಷಿನ್ನಿನ ಕೆಳಗೆ ಬಿದ್ದಿದ್ದ ಹೊಟ್ಟು ಕುಮಾರಿನದಲ್ಲ. ಕುಮಾರು ಕೊಯ್ದರೆ ಪಾಯಸದಂಥ ಘಮ ಬರುತ್ತದೆ, ಹೊಟ್ಟು ಕಂದು. ಇದು ಹಸಿರು ಬೆರೆತ ಹಳದಿ, ಮೂಗಿಗೆ ಖಾರ. ಮುರುಗನ್ ಅಲ್ಲಿರಲಿಲ್ಲ. ಒಳಗೆ ಉಜ್ಜುವ ಮೆಷಿನ್ನು ಓಡುತ್ತಿರುವ ಸದ್ದು ಕೇಳುತ್ತಿತ್ತು. ಒಂದೇ ಕಡೆ ನಿಂತು ಓಡುತ್ತಿರುವ ಸದ್ದು ಅದು. ಉಜ್ಜುವ ಮೆಷಿನ್ನು ಒಂದೇ ಕಡೆ ನಿಲ್ಲಬಾರದು, ನಿಂತರೆ ನೆಲ ಗುಂಡಿ ಬೀಳುತ್ತದೆ. ಏಳುಮಲೈ ಹಾಗೆ ಬಿಡುವವನಲ್ಲ.

ಓಡಿದೆ. ಮಳೆಯ ಇರುಚಲು ಹೊಸ ಹಲಗೆಗೆ ಬೀಳದಿರಲೆಂದು ಕೋಣೆಯ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಬಾಗಿಲು ತಳ್ಳಿದರೆ ಒಳಗೆ ಹಳದಿ ಮಂಜು. ಏಳುಮಲೈ ಗೋಡೆಗೆ ಕೈ ಊರಿ ಮೊಣಕಾಲ ಮೇಲೆ ಕೂತಿದ್ದ. ಮಾಸ್ಕು ಗದ್ದದ ಕೆಳಗೆ ಜಾರಿತ್ತು. ಕಣ್ಣು ಊದಿ ಸೀಳಾಗಿದ್ದವು. ಎದೆಯಿಂದ ಸಿಳ್ಳೆ ಬರುತ್ತಿತ್ತು, ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ. ನನ್ನನ್ನು ನೋಡಿ ಕೈ ಎತ್ತಿದ.

"ಮೂಚ್ಚು ವರಲೆ ಮೇಡಂ," ಎಂದ. ಉಸಿರು ಬರ್ತಿಲ್ಲ ಎಂದು.

ಮೆಷಿನ್ನಿನ ವೈರು ಕಿತ್ತೆ. ಪ್ಲಾಸ್ಟಿಕ್ ಹರಿದೆ. ಮುರುಗನ್ ಚಹಾ ತರಲು ಬೀದಿ ತುದಿಗೆ ಹೋಗಿದ್ದವನು ನನ್ನ ಕೂಗು ಕೇಳಿ ಓಡಿ ಬಂದ. ಇಬ್ಬರೂ ಸೇರಿ ಏಳುಮಲೈಯನ್ನು ಎತ್ತಿ ಕಾರಿನಲ್ಲಿ ಕೂರಿಸಿದೆವು. ಮಲಗಿಸಲು ಹೋದರೆ ಅವನು ಬಿಡಲಿಲ್ಲ, ಮಲಗಿದರೆ ಉಸಿರು ಪೂರಾ ಕಟ್ಟುತ್ತಿತ್ತು. ದೊಡ್ಡ ರಸ್ತೆಯಲ್ಲಿ ಮೊಣಕಾಲುದ್ದ ನೀರು, ಆಫೀಸು ಬಿಡುವ ಹೊತ್ತು. ವಾಹನಗಳು ಅಲ್ಲಾಡುತ್ತಿರಲಿಲ್ಲ. ಹಾರ್ನ್ ಒತ್ತಿ ಹಿಡಿದೇ ಇದ್ದೆ. ಹಿಂದಿನ ಸೀಟಿನಿಂದ ಸಿಳ್ಳೆಯ ಸದ್ದು ಕೇಳುವವರೆಗೂ ಒಂದು ಧೈರ್ಯ. ಪೆರುಂಗುಡಿಯ ಹತ್ತಿರ ಅದು ತೆಳ್ಳಗಾಗುತ್ತ ಬಂತು. ಹಿಂತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಮುರುಗನ್ ಅವನ ಬೆನ್ನು ತಟ್ಟುತ್ತ ಹೆಸರು ಹಿಡಿದು ಕರೆಯುತ್ತಲೇ ಇದ್ದ. ನೀರಿನಲ್ಲಿ ನಿಂತಿದ್ದ ಒಬ್ಬ ಟ್ರಾಫಿಕ್ ಪೊಲೀಸು ಕಾರಿನೊಳಗೆ ಬಗ್ಗಿ ನೋಡಿ, ಎದುರಿನ ವಾಹನಗಳನ್ನು ತಡೆದು, ತಪ್ಪು ಬದಿಯಲ್ಲಿ ನಮ್ಮನ್ನು ಬಿಟ್ಟ. ಆಸ್ಪತ್ರೆಯ ಬಾಗಿಲಲ್ಲಿ ಏಳುಮಲೈಯ ತುಟಿ ನೀಲಿಯಾಗಿತ್ತು.

ಅವನನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಡ್ಯೂಟಿಯ ಡಾಕ್ಟರು, ಒಬ್ಬ ಚಿಕ್ಕ ವಯಸ್ಸಿನ ಹೆಂಗಸು, ಹೊರಗೆ ಬಂದು, ಯಾವುದರ ಧೂಳು ಎಂದು ಕೇಳಿದರು. ಈಗಿನ ಚಿಕಿತ್ಸೆ ಯಾವ ಧೂಳಾದರೂ ಒಂದೇ. ಆದರೆ ಈತ ಬದುಕಿ ಹೊರಗೆ ಬಂದ ಮೇಲೆ ಯಾವುದರ ಹತ್ತಿರ ಹೋಗಬಾರದು ಎಂದು ತಿಳಿಯಬೇಕಲ್ಲ ಎಂದರು. ನಾನು ನಟೇಶನ್ ಅವರಿಗೆ ಫೋನು ಮಾಡಿದೆ. ಅವರು, ಅದೂ ಬ್ರೆಜಿಲಿನದೇ, ನೀನು ಆರಿಸಿದ ಮರವೇ, ಲಾಟು ಬೇರೆ ಅಷ್ಟೇ ಎಂದರು. ಅಲ್ಲ ಸಾರ್, ಹೊಟ್ಟು ಹಳದಿ ಇದೆ ಎಂದೆ. ಮಳೆಯಲ್ಲಿ ನೆನೆದಿರಬೇಕು ಎಂದರು.

ಇಪೇ ಎಂಬ ಮರ ಇರಬಹುದೆಂದು ನನಗೆ ಸಂಶಯ. ಹೋಟೆಲುಗಳ ಈಜುಕೊಳದ ಸುತ್ತ ಹಾಕುವ, ನೀರಿನಲ್ಲಿ ಮುಳುಗುವಷ್ಟು ಭಾರದ ಮರ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಹಳದಿ ಪುಡಿ ತುಂಬಿರುತ್ತದೆ. ಗೆದ್ದಲು, ಹುಳ, ಬೂಷ್ಟು ಯಾವುದೂ ಅದನ್ನು ಮುಟ್ಟದಿರುವುದಕ್ಕೆ ಆ ಪುಡಿಯೂ ಒಂದು ಕಾರಣ. ಕೆಲವರ ಚರ್ಮಕ್ಕೆ, ಎದೆಗೆ ಅದು ಆಗುವುದಿಲ್ಲ. ಆದರೆ ಸಂಶಯವನ್ನು ಡಾಕ್ಟರಿಗೆ ಹೇಳುವುದು ಹೇಗೆ? ಅಷ್ಟರಲ್ಲಿ ಏಳುಮಲೈಯ ಹೆಂಡತಿ ಕಸ್ತೂರಿ ಆಟೋದಲ್ಲಿ ಬಂದಿಳಿದಳು. ಅಳುತ್ತಿರಲಿಲ್ಲ. ಮುರುಗನ್‌ನ ಮುಖ ನೋಡಿ, ನನ್ನ ಮುಖ ನೋಡಿ, ಮುಚ್ಚಿದ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತಳು. ಸೆರಗಿಗೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ಕಂಡಿತು. ಸುಣ್ಣ ಇದೆಯೇನಮ್ಮ ಎಂದು ಕೇಳಿದೆ. ಇಂಥ ಹೊತ್ತಿನಲ್ಲಿ ಇವಳಿಗೆ ಎಲೆ ಬೇಕಾಯಿತೇ ಎನ್ನುವಂತೆ ನೋಡಿದಳು. ಆದರೂ ಡಬ್ಬಿ ಕೊಟ್ಟಳು.

ಏಳುಮಲೈಯ ಅಂಗಿಯನ್ನು ನರ್ಸು ಒಂದು ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಬಿಳಿ ಕರವಸ್ತ್ರದ ಮೇಲೆ ಅದರ ಕಾಲರನ್ನು ಕೊಡವಿದೆ. ಹಳದಿ ಪುಡಿ ಬಿತ್ತು. ಸುಣ್ಣವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಹನಿಸಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯಾಗುತ್ತದಲ್ಲ, ಹಾಗೆ ಕೆಂಪೇರಿತು. ಕುಮಾರಿನ ಹೊಟ್ಟು ಹೀಗೆ ಕೆಂಪಾಗುವುದಿಲ್ಲ, ಇಪೇಯ ಪುಡಿ ಆಗುತ್ತದೆ. ಕಸ್ತೂರಿ ಎದ್ದು ಬಂದು ನೋಡಿದಳು. ಇದು ಒಳಗೆ ಹೋಗಿದೆಯಾ ಎಂದು ತಮಿಳಿನಲ್ಲಿ ಕೇಳಿದಳು. ಹೌದು ಎಂದೆ. ಹಿಂದೊಮ್ಮೆ ಯಾವುದೋ ಹೋಟೆಲಿನ ಈಜುಕೊಳದ ಕೆಲಸ ಮಾಡುವಾಗ ಅವನ ಕೈಯೆಲ್ಲ ಗಂಧೆ ಎದ್ದು ವಾರಗಟ್ಟಲೆ ತುರಿಸಿಕೊಂಡಿದ್ದ, ಪಾಲಿಶಿನಿಂದ ಎಂದುಕೊಂಡಿದ್ದೆವು ಎಂದು ಅವಳೇ ನೆನಪಿಸಿಕೊಂಡಳು. ಕರವಸ್ತ್ರ ಹಿಡಿದುಕೊಂಡು ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮರದ ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿ ಬರೆದುಕೊಂಡರು. ಇನ್ನೊಮ್ಮೆ ಇದನ್ನು ಉಸಿರಾಡಿದರೆ ಇಲ್ಲಿಯವರೆಗೆ ಬರಲೂ ಸಮಯ ಸಿಗದಿರಬಹುದು ಎಂದರು.

ಬೆಳಗಾಗುವ ಹೊತ್ತಿಗೆ ಏಳುಮಲೈಯ ಉಸಿರು ಹದಕ್ಕೆ ಬರುತ್ತಿದೆ ಎಂಬ ಸುದ್ದಿ ಸಿಕ್ಕಿತು. ಮನೆಗೆ ಹೋಗಿ ಸ್ನಾನ ಮಾಡಿ ಐತಾಳರ ಮನೆಯ ಕಡೆ ಹೊರಟೆ. ಕೋಣೆಗೆ ಬೀಗ ಹಾಕಿಸಬೇಕಿತ್ತು. ಹೋದರೆ ಗೇಟಿನ ಮುಂದೆ ನಮ್ಮ ಕಂಪನಿಯ ವ್ಯಾನು. ನಟೇಶನ್ ಬೇರೆ ಇಬ್ಬರು ಕೆಲಸಗಾರರನ್ನು ಕಳಿಸಿದ್ದರು. ವರಾಂಡದಲ್ಲಿ ಮೆಷಿನ್ನಿಗೆ ಹೊಸ ಉಜ್ಜುಹಾಳೆ ಏರಿಸುತ್ತಿದ್ದರು. ಹಿಂದಿನ ದಿನ ಇಲ್ಲಿ ಏನಾಯಿತೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ನಾನು ಪ್ಲಗ್ಗು ಕಿತ್ತು ಕೈಯಲ್ಲೇ ಹಿಡಿದುಕೊಂಡೆ. ಹೊರಗೆ ಹೋಗಿ ಎಂದೆ. ಅವರು ಗಲಿಬಿಲಿಗೊಂಡು ನಟೇಶನ್ ಅವರಿಗೆ ಫೋನು ಮಾಡಿದರು. ಫೋನು ನನ್ನ ಕೈಗೆ ಬಂತು. ಸೈಟು ಬಿಟ್ಟು ಅಂಗಡಿಗೆ ಬಾ, ಮಾತಾಡೋಣ ಎಂದರು. ಬರುವುದಿಲ್ಲ ಎಂದೆ. ಹಾಗಾದರೆ ನಾಳೆಯಿಂದ ಎಲ್ಲಿಗೂ ಬರಬೇಡ ಎಂದರು. ನನ್ನ ಗಂಡ ಆಗ ಕೆಲಸ ಬಿಟ್ಟು ಮನೆಯಲ್ಲಿದ್ದ ಕಾಲ. ಆದರೂ ಪ್ಲಗ್ಗು ಬಿಡಲಿಲ್ಲ. ಇನ್ನೊಂದು ಕೈಯಿಂದ ಐತಾಳರಿಗೆ ಫೋನು ಮಾಡಿ, ಮನೆಗೆ ಒಮ್ಮೆ ಬರಬೇಕು, ಈಗಲೇ, ಎಂದೆ.

ಅವರು ಶಾರದಮ್ಮನವರನ್ನೂ ಕರೆದುಕೊಂಡೇ ಬಂದರು. ಅವರ ಬೆನ್ನಿಗೇ ನಟೇಶನ್ ಅವರ ಕಾರೂ ಬಂತು. ವರಾಂಡದಲ್ಲಿ ನಿಂತು ನಾನು ನಡೆದದ್ದೆಲ್ಲ ಹೇಳಿದೆ. ನೀವು ಆರಿಸಿದ ಮರ ಈ ಕೋಣೆಯಲ್ಲಿ ಇಲ್ಲ, ಬೇರೆ ಮರ ಇದೆ ಎನ್ನುವುದನ್ನೂ ಹೇಳಿದೆ. ಐತಾಳರ ಮುಖ ಕೆಂಪಾಯಿತು.

"ಎಂತ ಮೇಡಂ ಇದು. ಕಾರ್ಡೆಲ್ಲ ಹಂಚಿ ಆಗಿದೆ. ಊರಿಂದ ಅಷ್ಟು ಜನ ಬರ್ಲಿಕ್ಕಿದ್ದಾರೆ. ಈಗ ಬಂದು ನೆಲ ಸರಿ ಇಲ್ಲ ಅಂತ ಹೇಳ್ತೀರಾ?"

ನೆಲ ಸರಿಯಿಲ್ಲ ಎಂದಲ್ಲ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಉಜ್ಜಿ ಎಣ್ಣೆ ಹಚ್ಚಿ ಮುಗಿಸಿದರೆ ಅದರ ಮೇಲೆ ನಡೆಯುವವರಿಗೆ ಏನೂ ಆಗುವುದಿಲ್ಲ. ನಿಮ್ಮ ಕಾಲಕ್ಕೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಉಜ್ಜುವವನಿಗೆ ಮಾತ್ರ ಅಪಾಯ. ಅದು ನಿಜ, ಅದನ್ನು ಮುಚ್ಚಿಟ್ಟು ಅವರನ್ನು ಹೆದರಿಸಲು ನನಗೆ ಮನಸ್ಸಾಗಲಿಲ್ಲ. ನಟೇಶನ್ ತಕ್ಷಣ ಆ ಮಾತು ಹಿಡಿದುಕೊಂಡರು. ಅವಳೇ ಹೇಳುತ್ತಿದ್ದಾಳೆ ನೋಡಿ, ಮನೆಯವರಿಗೆ ಏನೂ ಆಗುವುದಿಲ್ಲ ಎಂದು. ಇಷ್ಟು ವರ್ಷದಲ್ಲಿ ಎಷ್ಟೋ ಜನ ಈ ಮರ ಉಜ್ಜಿದ್ದಾರೆ, ಒಬ್ಬನಿಗೆ ಹೀಗಾಯಿತು, ಅವನ ಆಸ್ಪತ್ರೆಯ ಖರ್ಚು ನನ್ನದು, ಸಂಜೆಯೊಳಗೆ ಕೋಣೆ ಮುಗಿಸಿ ಕೊಡುತ್ತೇನೆ ಎಂದರು. ಅವರು ಕೆಟ್ಟವರೆಂದು ನಾನು ಇಂದಿಗೂ ಹೇಳಲಾರೆ. ಕೊಟ್ಟ ಮಾತಿಗೆ ಸರಿಯಾಗಿ ಕೆಲಸ ಮುಗಿಸುವುದೇ ಮರ್ಯಾದೆ ಎಂದು ನಂಬಿದ್ದವರು.

ಹೊಸದಾಗಿ ಬಂದ ಇಬ್ಬರು ಕೆಲಸಗಾರರು ಕಾಂಪೌಂಡಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಶಾರದಮ್ಮ ಅವರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇವ್ರಲ್ಲಿ ಯಾರಿಗೆ ಆಗ್ತದೆ, ಯಾರಿಗೆ ಆಗುದಿಲ್ಲ ಅಂತ ಮೊದಲೇ ಗೊತ್ತಾಗ್ತದಾ?" ಎಂದು ಕೇಳಿದರು.

"ಗೊತ್ತಾಗಲ್ಲಮ್ಮ. ಆದ್ಮೇಲೇ ಗೊತ್ತಾಗೋದು," ಎಂದೆ.

ಅವರು ವಾಕರ್ ತಿರುಗಿಸಿ ಗಂಡನ ಮುಂದೆ ಬಂದು ನಿಂತರು. "ಇವ್ರೇ, ಅದು ನನ್ನ ಕೋಣೆ. ಅದಕ್ಕೆ ಬೀಗ ಹಾಕಿ. ಪೂಜೆ ಆಗ್ಲಿ, ಊಟ ಆಗ್ಲಿ, ಯಾರು ಕೇಳಿದ್ರೂ ನೆಲ ಆಗ್ಲಿಲ್ಲ ಅಂತ ಹೇಳುವ. ನಾನು ಹಾಲ್‌ನಲ್ಲಿ ಮಲಗ್ತೇನೆ."

ಐತಾಳರು ನನ್ನ ಹತ್ತಿರ ಬಂದು ಕೋಣೆಯ ಬೀಗದ ಕೈ ಕೇಳಿದರು. ತಾವೇ ಹೋಗಿ ಬೀಗ ಹಾಕಿ, ಎಳೆದು ನೋಡಿ ಬಂದರು. ಪ್ಲಗ್ಗು ಇನ್ನೂ ನನ್ನ ಕೈಯಲ್ಲಿದ್ದದ್ದು ಆಗ ತಿಳಿಯಿತು. ನಟೇಶನ್ ಕಾರು ಹತ್ತಿದರು. ಮರುದಿನ ನಾನು ಎಂದಿನಂತೆ ಅಂಗಡಿಗೆ ಹೋದೆ. ಬರಬೇಡ ಎಂದವರು ಹೋಗು ಎನ್ನಲಿಲ್ಲ. ಬಹಳ ತಿಂಗಳು ನಮ್ಮ ನಡುವೆ ಮರದ ಹೆಸರು ಬಿಟ್ಟು ಬೇರೆ ಮಾತಿರಲಿಲ್ಲ. ಆದರೆ ಅಲ್ಲಿಂದ ಮುಂದೆ ನಾನು ನೋಡದ ಕಟ್ಟು ಯಾವುದೂ ಗೋಡೌನಿನಿಂದ ಹೊರಗೆ ಹೋಗಲಿಲ್ಲ, ಬೇರೆಯವರ ಗೋಡೌನಿನಿಂದ ಬಂದದ್ದೂ ಕೂಡ. ಕಾರ್ಖಾನೆಯಲ್ಲೇ ಉಜ್ಜಿ ಎಣ್ಣೆ ಕುಡಿಸಿ ಬರುವ ಹಲಗೆಗಳನ್ನು ತರಿಸಲು ಶುರುಮಾಡಿದವರೂ ನಟೇಶನ್ ಅವರೇ.

ಗೃಹಪ್ರವೇಶ ಗೊತ್ತಾದ ದಿನವೇ ನಡೆಯಿತು. ಶಾರದಮ್ಮ ಏಳುಮಲೈಯನ್ನೂ ಕಸ್ತೂರಿಯನ್ನೂ ಖುದ್ದಾಗಿ ಕರೆದಿದ್ದರು. ಏಳುಮಲೈ ಆಸ್ಪತ್ರೆಯಿಂದ ಬಂದು ಕೆಲವೇ ದಿನಗಳಾಗಿದ್ದವು, ಮುಖ ಇನ್ನೂ ಬಾಡಿತ್ತು. ಬಂದವನು ಗೇಟಿನ ಹತ್ತಿರವೇ ನಿಂತ. ಒಳಗಿನಿಂದ ಹೋಮದ ಮಂತ್ರ, ಜನರ ಮಾತು ಕೇಳುತ್ತಿತ್ತು. ಹಾಲ್‌ನ ನೆಲ ಅವನು ಹಾಸಿದ್ದು. ಜನ ಓಡಾಡಿದರೆ ಹೇಗೆ ಸದ್ದು ಕೊಡುತ್ತದೆ ಎಂದು ಕೇಳಿಸಿಕೊಳ್ಳುವ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು. ಐತಾಳರು ಬಂದು ಕೈ ಹಿಡಿದು ಕರೆದರು. ಶಾರದಮ್ಮ ಬಾಗಿಲಿಗೆ ಬಂದು ಕರೆದರು. ಅವನು ನನ್ನ ಕಡೆ ನೋಡಿದ.

ಕೋಣೆಯ ಬಾಗಿಲಿಗೆ ಟೇಪು ಹಚ್ಚಿಸಿದ್ದೆ, ಮನೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿಸಿದ್ದೆ. ಆದರೂ ಒಂದು ನಿಮಿಷ ಇರಿ ಎಂದು ಒಳಗೆ ಹೋಗಿ, ಒದ್ದೆ ಟಿಶ್ಯೂ ಕಾಗದದಿಂದ ಹಾಲ್‌ನ ಬಾಗಿಲ ಚೌಕಟ್ಟಿನ ಮೇಲ್ಭಾಗವನ್ನು ಸವರಿದೆ. ಕಾಗದಕ್ಕೆ ಹಳದಿ ಹತ್ತಿತು. ಬಹಳ ಅಲ್ಲ, ಒಂದು ಗೆರೆ. ಎಲ್ಲರೂ ಕಾಯುತ್ತಿದ್ದರು. ಹಬ್ಬದಂಥ ದಿನ, ಕರೆದದ್ದಕ್ಕೆ ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವುದು ಹೇಗೆ. ಕಸ್ತೂರಿ ನನ್ನ ಕೈಯನ್ನೇ ನೋಡುತ್ತಿದ್ದಳು. ಇವತ್ತು ಬೇಡ ಏಳುಮಲೈ ಎಂದೆ. ಅವನು ತಲೆಯಾಡಿಸಿ ಹಿಂದೆ ಸರಿದ. ನೋಡುತ್ತಿದ್ದ ನೆಂಟರಲ್ಲಿ ಒಬ್ಬರು, ಎಂತ, ಒಳಗೆ ಯಾಕೆ ಬರುವುದಿಲ್ಲ ಎಂದು ಪಿಸುಗುಟ್ಟಿದರು.

ಶಾರದಮ್ಮ ತಮ್ಮ ಕುರ್ಚಿಯನ್ನು ಹೊರಗೆ ತರಿಸಿದರು. ಗೇಟಿನ ಪಕ್ಕದ ಶಾಮಿಯಾನದ ಕೆಳಗೆ ಏಳುಮಲೈ, ಕಸ್ತೂರಿ, ಅವರ ಎದುರಿಗೆ ಶಾರದಮ್ಮ, ಪಕ್ಕದಲ್ಲಿ ನಾನು. ಐತಾಳರು ಪಂಚೆ ಎತ್ತಿ ಕಟ್ಟಿ, ಹೋಟೆಲಿನಲ್ಲಿ ಶುರುವಿನ ವರ್ಷಗಳಲ್ಲಿ ಮಾಡುತ್ತಿದ್ದಂತೆ, ಸಾರಿನ ಬಕೆಟ್ಟು ಹಿಡಿದು ತಾವೇ ಬಡಿಸಿದರು. ಏಳುಮಲೈ ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಆ ಕೋಣೆಯ ಹಲಗೆಗಳನ್ನು ನೀರು ಚಿಮುಕಿಸಿ ತೇವ ಮಾಡಿ, ಮುಖಕ್ಕೆ ಪೂರ್ಣ ಕವಚ ಹಾಕಿಕೊಂಡವರು ಒಂದೊಂದಾಗಿ ಎಬ್ಬಿಸಿ ಹೊರಗೆ ಸಾಗಿಸಿದರು. ಗೋಡೆ, ಕಿಟಕಿ, ಫ್ಯಾನಿನ ರೆಕ್ಕೆ, ಎಲ್ಲವನ್ನೂ ತೊಳೆದೆವು. ಆಗ ಹಡಗಿನಲ್ಲಿದ್ದ ಕಂಟೈನರಿನ ನಂತರದ್ದರಲ್ಲಿ ಕಾರ್ಖಾನೆಯಲ್ಲೇ ಮುಗಿಸಿದ ಕುಮಾರು ಬಂತು. ಅದಕ್ಕೆ ಉಜ್ಜುವ ಕೆಲಸವಿಲ್ಲ, ಜೋಡಿಸಿದರಾಯಿತು. ಇದರಲ್ಲಿ ಬಡಗಿಗೆ ಏನಿದೆ ಮೇಡಂ, ಪೆಟ್ಟಿಗೆ ಬಿಚ್ಚುವವನೂ ಹಾಸಬಹುದು ಎಂದು ಏಳುಮಲೈ ಬೇಸರಪಟ್ಟುಕೊಂಡದ್ದುಂಟು. ಅವನು ಆ ಕೆಲಸ ಮಾಡುವುದೂ ಬೇಡ ಎಂದು ಕಸ್ತೂರಿ ಹಟ ಹಿಡಿದಿದ್ದಳು. ಶಾರದಮ್ಮ ಮಾತ್ರ, ಬೇರೆ ಯಾರೂ ನನ್ನ ಕೋಣೆಗೆ ಕೈ ಹಾಕುವುದು ಬೇಡ, ಅವನ ಎದೆ ಸರಿಯಾಗುವವರೆಗೆ ಸಿಮೆಂಟಿನ ನೆಲವೇ ಇರಲಿ ಎಂದು ಕಾದರು. ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಕಸ್ತೂರಿ ತಾನೂ ಜೊತೆಗೆ ಬರುವುದಾದರೆ ಸರಿ ಎಂದಳು.

ಹಲಗೆ ಜೋಡಿಸುವ ದಿನ ನಾನು ಶ್ರೀಪೆರುಂಬುದೂರಿನಲ್ಲಿ ಬೇರೊಂದು ಸೈಟಿನಲ್ಲಿ ಸಿಕ್ಕಿಹಾಕಿಕೊಂಡೆ. ಬೆಳಿಗ್ಗೆಯಿಂದ ಕೈ ಕೆಲಸದಲ್ಲಿದ್ದರೂ ಮನಸ್ಸು ಫೋನಿನಲ್ಲೇ. ನಾನೇ ಮಾಡಿದರೆ ಅವನು ಹೆದರಿಯಾನು ಎಂದು ಮಾಡಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಫೋನು ಬಡಿಯಿತು. ಏಳುಮಲೈಯ ಹೆಸರು ಕಂಡಿತು. ಎತ್ತಿ ಹಲೋ ಎಂದರೆ ಆ ಕಡೆಯಿಂದ ಮಾತಿಲ್ಲ. ಏಳುಮಲೈ, ಏನಾಯಿತು ಎಂದು ಕೇಳಿದೆ. ಆಗಲೂ ಮಾತಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡಿದ್ದಾನೆ ಎಂದು ಸ್ವಲ್ಪ ಹೊತ್ತಿಗೆ ತಿಳಿಯಿತು. ಬಟ್ಟೆ ಉಜ್ಜಿದ ಸದ್ದು, ಆಮೇಲೆ ಉಸಿರು. ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಒಳಗೆ ಹೋಯಿತು. ಕಿವಿಗೆ ಒತ್ತಿ ಹಿಡಿದು ಕೇಳಿದೆ. ಎಲ್ಲೂ ಸಿಳ್ಳೆ ಇರಲಿಲ್ಲ.

"ಅಮ್ಮಾ ರೂಮ್‌ಲೆ ಇರುಕ್ಕೇನ್," ಎಂದ. ಶಾರದಮ್ಮನವರ ಕೋಣೆಯಲ್ಲಿದ್ದೀನಿ ಎಂದು. ಆಮೇಲೆ ಕೇಳಿದ, "ಕೇಕ್ಕುದಾ ಮೇಡಂ?"

ಕೇಳಿಸುತ್ತಿದೆ ಎಂದೆ. ಇನ್ನೊಂದು ಸಲ ಉಸಿರು ಬಿಡು ಎಂದೆ. ಬಿಟ್ಟ.